ಚೌಕಟ್ಟಿನಿಂದ ಆಚೆ ಸರಿದ ಕರೆಂಟು ಕಂಬ

ಕೋಲಾರ ಪೇಟೆಯ ನಡುವಿನ ಸೋಮೇಶ್ವರ ದೇವಸ್ಥಾನದ ಗೋಪುರವನ್ನು ತಂತಿ, ಬೈಕು, ಬ್ಯಾನರು ಯಾವುದೂ ಬೀಳದ ಹಾಗೆ ಫೋಟೊ ತೆಗೆಯುವುದು ಕಷ್ಟ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿರಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಎರಡು ಹೆಜ್ಜೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಬೇಕು. ವರ್ಷಗಟ್ಟಲೆ ನಾನು ಹಾಗೆಯೇ ತೆಗೆದೆ. ಈಗ ಆ ಚಿತ್ರಗಳನ್ನೆಲ್ಲ ಹರಡಿಕೊಂಡು ಕೂತರೆ, ಈ ಜಿಲ್ಲೆಯಲ್ಲಿ ಜನವೇ ಇಲ್ಲವೇನೋ ಅನ್ನಿಸುತ್ತದೆ.

ಆದರೂ ಹಾಗೆ ತೆಗೆದದ್ದು ತಪ್ಪೆಂದು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಸೋಮೇಶ್ವರದ ಕಲ್ಯಾಣ ಮಂಟಪದ ಕಂಬಗಳಲ್ಲಿ ವಿಜಯನಗರ ಕಾಲದ ಉಳಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕಾಣಬೇಕಾದರೆ ಕಣ್ಣಿಗೆ ಬೇರೆ ಯಾವುದೂ ಅಡ್ಡ ಬರಬಾರದು. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ಅಲ್ಲಿನ ಲಕ್ಷ್ಮಣಲಿಂಗೇಶ್ವರದ ಒಳಛಾವಣಿಯಲ್ಲಿ ಉಮಾಮಹೇಶ್ವರನ ಸುತ್ತ ದಿಕ್ಪಾಲಕರು ಕೂತಿದ್ದಾರೆ. ತಲೆಯೆತ್ತಿ ನೋಡುವವರು ಕಡಿಮೆ, ಮನೆಯಲ್ಲಿ ಕೂತು ನೋಡಲು ಒಂದು ನಿಚ್ಚಳ ಚಿತ್ರ ಬೇಕು. 1905ರಲ್ಲಿ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುವುದು ಅಂಥ ಕೆಲಸದಿಂದ. ಶುಭ್ರವಾದ ಫೋಟೊ ಆ ಕೆಲಸದ ಮರಿಮಗು. ಇನ್ನೂ ಒಂದು ಮಾತಿದೆ. ಬೆಂಗಳೂರಿನಿಂದ ತಿರುಪತಿಗೆ ಹೋಗುವವರಿಗೆ ಮುಳಬಾಗಿಲು ಎಂದರೆ ದೋಸೆ, ಕೋಲಾರ ಎಂದರೆ ಬರ, ಇಲ್ಲವೇ ಚಿನ್ನದ ಗಣಿಯ ಸಿನಿಮಾ. ಗಂಗರು ‘ಕುವಳಾಲಪುರವರೇಶ್ವರ’ ಎಂದು ಬಿರುದು ಹೊತ್ತ ಊರು ಇದೇ ಎಂದು ಅವರನ್ನು ಹೆದ್ದಾರಿಯಿಂದ ಇಳಿಸಲು ಒಂದು ಒಳ್ಳೆಯ ಚಿತ್ರಕ್ಕೆ ಆಗುತ್ತದೆ, ಉಪನ್ಯಾಸಕ್ಕೆ ಆಗುವುದಿಲ್ಲ.

ಈ ನಂಬಿಕೆ ಮೊದಲು ಅಲುಗಿದ್ದು ಆವನಿಯಲ್ಲೇ. ಗುಡಿಯ ಮುಂದೆ ನೆರಳಿಗೆ ಕೂತಿದ್ದ ಅಜ್ಜನೊಬ್ಬ ನನ್ನ ಹಿಂದೆಮುಂದೆ ಓಡಾಟ ನೋಡಿ, ತಾನು ಅಡ್ಡ ಬರುತ್ತಿದ್ದೇನೆಂದು ತಿಳಿದು, ಕೋಲೂರಿ ಎದ್ದು ಪಕ್ಕಕ್ಕೆ ಹೋದ. “ತೆಕ್ಕೋ ಸಾಮಿ, ಈಗ ತೆಕ್ಕೋ” ಅಂದ. ತೆಗೆದೆ. ಶಿವರಾತ್ರಿಯ ಹೊತ್ತಿಗೆ ಇದೇ ಬಯಲಿನಲ್ಲಿ ದನಗಳ ಜಾತ್ರೆ ಕೂಡುತ್ತದೆ, ತೇರು ಎಳೆಯುತ್ತಾರೆ. ಆ ತೇರು ಎಳೆಯುವವರಲ್ಲಿ ಒಬ್ಬನನ್ನು ಅವನ ಗುಡಿಯ ಮುಂದಿನಿಂದಲೇ ಎಬ್ಬಿಸಿ ಚಿತ್ರ ಮಾಡಿಕೊಂಡೆ. ಚಿತ್ರ ಚೆನ್ನಾಗಿದೆ. ಇವತ್ತಿಗೂ ಅದನ್ನು ಯಾರಿಗೂ ತೋರಿಸಲಾಗಿಲ್ಲ.

ಕುರುಡುಮಲೆಯಲ್ಲೂ ಇದೇ ತಕರಾರು, ಬೇರೆ ರೂಪದಲ್ಲಿ. ಹದಿಮೂರೂವರೆ ಅಡಿಯ ಏಕಶಿಲಾ ಗಣಪತಿಯ ಕರಿಯ ಮೈ ನೋಡಬೇಕೆಂದು ನಮಗೆ ಆಸೆ. ಭಕ್ತರಿಗೆ ಬೇಕಾದದ್ದು ಅಲಂಕಾರ. ಕೋಲಾರಮ್ಮನ ಗುಡಿಯಲ್ಲಿ ನನ್ನಂಥವರು ರಾಜೇಂದ್ರ ಚೋಳನ ಕಾಲದ ಶಾಸನ ಹುಡುಕುತ್ತಿದ್ದರೆ, ಪಕ್ಕದಲ್ಲಿ ತಾಯಿಯೊಬ್ಬಳು ಮಗುವಿಗೆ ಚೇಳು ಕಚ್ಚದಿರಲೆಂದು ಚೇಳಮ್ಮನಿಗೆ ಕಾಣಿಕೆ ಹಾಕುತ್ತಾಳೆ. ಗುಡಿ ಸಾವಿರ ವರ್ಷ ನಿಂತದ್ದು ಅವಳಂಥವರಿಂದ. ಅವಳನ್ನು ಬಿಟ್ಟು ತೆಗೆದದ್ದು ಕಟ್ಟಡದ ಚಿತ್ರವಾಗಬಹುದು, ಗುಡಿಯ ಚಿತ್ರವಾಗುವುದಿಲ್ಲ.

ಕೆರೆಗಳ ವಿಷಯದಲ್ಲಿ ಮಾತ್ರ ನನಗೆ ಗೊಂದಲವೇ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ನದಿಯ ಆಸರೆಯಿಲ್ಲದ, ಸಾವಿರಾರು ಅಡಿ ಬೋರು ಕೊರೆದು ಸೋತ ಜಿಲ್ಲೆಗೆ ತುಂಬಿದ ಕೆರೆ ಎಂದರೆ ಏನೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಆದರೆ ಮರು ತಿಂಗಳೇ ನೀರಿನಲ್ಲಿ ನೊರೆ ಕಂಡಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ಅಂದಿನಿಂದ ಇದೆ. ಸಂಜೆ ಬಿಸಿಲಿಗೆ ಈ ಕೆರೆಗಳು ಎಷ್ಟು ಚೆಂದ ಹೊಳೆಯುತ್ತವೆಂದರೆ, ಆ ಹೊಳಪನ್ನಷ್ಟೇ ತೋರಿಸಿದರೆ ರೈತನ ಸಂತೋಷವೂ ಅವನ ಅಂಜಿಕೆಯೂ ಎರಡೂ ಸುಳ್ಳಾಗುತ್ತವೆ. ನೀರು ಬೀಳುವ ಕೊಳವೆಯ ಬಾಯಿ ಚಿತ್ರದಲ್ಲಿ ಇರಲೇಬೇಕು.

ಹಾಗಾದರೆ ಎಲ್ಲವನ್ನೂ, ಎಲ್ಲರನ್ನೂ ಸೇರಿಸಿಕೊಳ್ಳುವುದೇ ಸರಿಯೇ? ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ಇದಕ್ಕೆ ತಡೆ ಬಿತ್ತು. ಹೊಗೆ, ಕೆಂಪು ಧೂಳು, ತಲೆಯ ಮೇಲೆ ಇಟ್ಟಿಗೆ ಹೊತ್ತ ಹೆಂಗಸು, ಕ್ಯಾಮೆರಾಕ್ಕೆ ಹಬ್ಬ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಲ್ಲಿ ಅವಳನ್ನು ಬಿಡುವುದೇ ಮರ್ಯಾದೆ. ಬಿಟ್ಟರೆ ಗೂಡು ಬರೀ ಆಕಾರವಾಗುತ್ತದೆ ಎಂಬುದೂ ನಿಜ. ನಾನು ಕ್ಯಾಮೆರಾ ಕೆಳಗಿಳಿಸಿದೆ. ಇನ್ನೊಬ್ಬರು, ಕೇಳಿ, ಒಪ್ಪಿಸಿ, ತೆಗೆದಿದ್ದರೆ ಅವರನ್ನು ತಪ್ಪೆನ್ನಲಾರೆ.

ಈಗ ನನ್ನ ರೂಢಿ ಹೀಗಿದೆ: ಶಿಲ್ಪಕ್ಕೆ ಶುಭ್ರವಾದ ಚಿತ್ರ, ಊರಿಗೆ, ಕೆರೆಗೆ, ಬೀದಿಗೆ ಕಂಬ ತಂತಿ ಸಮೇತ ಇನ್ನೊಂದು. ಎರಡರ ಹಿಂದೆಯೂ ತಾರೀಖು ಬರೆಯುತ್ತೇನೆ. ಶ್ರೀನಿವಾಸಪುರ ಕಲಿಸಿದ್ದು ಇದು. ಮಾವಿನ ಮಂಡಿಯಲ್ಲಿ ರಾಶಿ ಹಾಕಿದ ತೋತಾಪುರಿಯ ಚಿತ್ರ ಯಾವ ವರ್ಷ ತೆಗೆದರೂ ಸಮೃದ್ಧಿಯ ಚಿತ್ರದಂತೆಯೇ ಕಾಣುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ತಡೆ ಹಾಕಿತು. ಅಲ್ಲಿನ ತಿರುಳು ಕಾರ್ಖಾನೆಗಳನ್ನು ನಂಬಿದ್ದ ಇಲ್ಲಿನ ರೈತರು ಬೆಲೆಯಿಲ್ಲದೆ ಬೀದಿಗಿಳಿದರು. ಆ ತಿಂಗಳ ರಾಶಿಗೂ ಹಿಂದಿನ ವರ್ಷದ ರಾಶಿಗೂ ಬಣ್ಣದಲ್ಲಿ ಏನೂ ವ್ಯತ್ಯಾಸವಿರಲಿಲ್ಲ.