ಆಸೆ ನಮ್ಮದು, ಅಳತೆ ಸರ್ಕಾರದ್ದು

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಅಂದ್ರೆ ಈಗ ಎಲ್ಲರಿಗೂ ನೆನಪಾಗೋದು 2023ರ ಫೆಬ್ರವರಿಯಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಹೆಲಿಕಾಪ್ಟರ್ ವಿಷಯ ಬಿಡಿ, ನಮ್ಮ ಕಡೆ ಮನೆಮನೆಯಲ್ಲೂ ನಡೆಯೋ ಚರ್ಚೆ ಕಾರಿನದು. ಹತ್ತು ವರ್ಷದ ಹಿಂದೆ ‘ಸ್ವಿಫ್ಟ್ ಸಾಕು’ ಅಂತಿದ್ದವರೇ ಈಗ ‘ತಗೊಂಡ್ರೆ ಎಸ್‌ಯುವಿನೇ’ ಅಂತಾರೆ. ನಮ್ಮ ರುಚಿ ಇಷ್ಟು ಬೇಗ ಬದಲಾಯ್ತಾ?

ಅರ್ಧ ಹೌದು. ಇನ್ನರ್ಧ ಬದಲಾಯಿಸಿದ್ದು ಟ್ಯಾಕ್ಸು.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಮಧ್ಯಮ ವರ್ಗಕ್ಕೆ ‘ಕಾರು’ ಅಂದ್ರೆ ಅದೇ ಆಯ್ತು. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ 24ರಿಂದ 16 ಪರ್ಸೆಂಟ್‌ಗೆ ಇಳೀತು. ಷರತ್ತು ಇಷ್ಟೇ: ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು. ಕಂಪನಿಗಳು ಟೇಪು ಹಿಡಿದು ಕೂತವು. 2012ರಲ್ಲಿ ಡಿಸೈರ್‌ನ ಡಿಕ್ಕಿ ಮೊಟಕಾಗಿದ್ದು ಇದಕ್ಕೇ. ಆಮೇಲೆ ಬಂದ ಇಕೋಸ್ಪೋರ್ಟ್, ಬ್ರೆಝಾ, ನೆಕ್ಸಾನ್ ಎಲ್ಲವೂ ಅದೇ 4 ಮೀಟರ್ ಒಳಗಿನ ‘ದೊಡ್ಡ’ ಗಾಡಿಗಳು.

ಡೀಸೆಲ್ ಕಥೆಯೂ ಹೀಗೇ. ಪೆಟ್ರೋಲಿಗಿಂತ ತುಂಬಾ ಅಗ್ಗ ಇದ್ದಾಗ ಎಲ್ಲರಿಗೂ ಡೀಸೆಲ್ಲೇ ಬೇಕಿತ್ತು. 2014ರ ಅಕ್ಟೋಬರ್‌ನಲ್ಲಿ ಸರ್ಕಾರ ಅದರ ಬೆಲೆ ನಿಯಂತ್ರಣ ಬಿಟ್ಟಿತು, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂತು, ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು.

ಹಾಗಂತ ಬರೀ ದುಡ್ಡಿನ ಲೆಕ್ಕವೂ ಅಲ್ಲ. ಹಾಗಿದ್ದಿದ್ರೆ ನ್ಯಾನೋ ಗೆಲ್ಲಬೇಕಿತ್ತು. ‘ಅತಿ ಅಗ್ಗದ ಕಾರು’ ಅನ್ನೋ ಹೆಸರೇ ಅದಕ್ಕೆ ಮುಳುವಾಯ್ತು. ಮದುವೆ ಮನೆ ಮುಂದೆ ನಿಲ್ಲಿಸೋ ಗಾಡಿಯಲ್ಲಿ ಮರ್ಯಾದೆಯ ಪ್ರಶ್ನೆಯೂ ಇರುತ್ತಲ್ಲ! 2024ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗಿದ್ದು ಟಾಟಾ ಪಂಚ್, ಅದೂ ಮಾರುತಿಯ ವ್ಯಾಗನ್ ಆರ್ ಅನ್ನು ಹಿಂದೆ ಹಾಕಿ. ಪಂಚ್‌ಗೂ ಆಲ್ಟ್ರೋಜ್ ಹ್ಯಾಚ್‌ಬ್ಯಾಕ್‌ಗೂ ಪ್ಲಾಟ್‌ಫಾರ್ಮ್ ಒಂದೇ. ನಾವು ಹೆಚ್ಚಿನ ದುಡ್ಡು ಕೊಡೋದು ಎತ್ತರಕ್ಕೆ, ನೋಟಕ್ಕೆ.

ಎತ್ತರ ಬೇಡ ಅಂತಲ್ಲ. ಮಂಡಿ ನೋವಿರೋ ಅಮ್ಮನಿಗೆ ಬಗ್ಗಿ ಕೂರೋ ಕಾರಿಗಿಂತ ಎತ್ತರದ ಸೀಟು ಸುಲಭ. ತೋಟದ ದಾರಿಗೆ, ಅಳತೆಯಿಲ್ಲದ ಹಂಪುಗಳಿಗೆ ಗ್ರೌಂಡ್ ಕ್ಲಿಯರೆನ್ಸ್ ಬೇಕೇ ಬೇಕು. ಆದರೆ ವಾರಕ್ಕೊಮ್ಮೆ ಬೆಂಗಳೂರಿಂದ ತುಮಕೂರು ರಸ್ತೆ ಹಿಡಿದು ಊರಿಗೆ ಬಂದು ಹೋಗೋರಿಗೆ? ಒಳ್ಳೇ ಹ್ಯಾಚ್‌ಬ್ಯಾಕ್ ಧಾರಾಳವಾಗಿ ಸಾಕು. ಅದು ಈಗ ಔಟ್‌ಡೇಟೆಡ್ ಅನ್ನಿಸೋದು ಅಕ್ಕಪಕ್ಕದವರ ಪಾರ್ಕಿಂಗ್ ನೋಡಿದಾಗ ಮಾತ್ರ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಮತ್ತೆ ಬದಲಾಗಿದೆ: ಸಣ್ಣ ಕಾರಿಗೆ 18 ಪರ್ಸೆಂಟ್, ದೊಡ್ಡದಕ್ಕೆ 40. ಗೆರೆ ಮಾತ್ರ ಅದೇ 4 ಮೀಟರ್. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಡಿಫಾಲ್ಟ್ ಸೆಟ್ಟಿಂಗ್ ಬೇರೆಯವರದು, ನಾವು ‘ಓಕೆ’ ಒತ್ತುತ್ತಿದ್ದೀವಿ.

ಟ್ರೆಂಡು ಐದಾರು ವರ್ಷಕ್ಕೆ ತಿರುಗುತ್ತೆ, ಇಎಂಐ ಏಳು ವರ್ಷದವರೆಗೂ ಎಳೆಯುತ್ತೆ. ಶೋರೂಮಿಗೆ ಹೋಗೋ ಮುಂಚೆ ಒಂದು ತಿಂಗಳು ಬರೆದಿಡಿ: ಎಷ್ಟು ಕಿಲೋಮೀಟರ್, ಯಾವ ರಸ್ತೆ, ಎಷ್ಟು ಜನ. ಆ ಚೀಟಿ ಎಸ್‌ಯುವಿ ಅಂದ್ರೆ ಎಸ್‌ಯುವಿನೇ ತಗೊಳ್ಳಿ. ಅಪ್ಪ ‘ಅಷ್ಟ್ ದೊಡ್ಡ ಗಾಡಿ ಯಾಕಪ್ಪಾ?’ ಅಂತ ಕೇಳಿದ್ರೆ ತೋರಿಸೋಕೆ ಲೆಕ್ಕವಾದ್ರೂ ಇರುತ್ತೆ.