ಶ್ರದ್ಧಾಂಜಲಿ ಸಾಕು, ಚಂದಾ ಕಟ್ಟಿ

ಪುಸ್ತಕದಂಗಡಿಯೊಂದು ಮುಚ್ಚುತ್ತದೆ ಅಂತ ಸುದ್ದಿ ಬಂದ ದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಓದುಗರಾಗಿಬಿಡುತ್ತಾರೆ. "ಅಯ್ಯೋ, ನನ್ನ ಕಾಲೇಜು ದಿನಗಳೇ ಹೋದ ಹಾಗಾಯ್ತು" ಅಂತ ಒಬ್ಬರು. ಕೈಮುಗಿಯುವ ಇಮೋಜಿ ಹತ್ತು. "ಕನ್ನಡಿಗರಿಗೆ ಓದುವ ಅಭ್ಯಾಸವೇ ಇಲ್ಲ" ಅಂತ, ಆ ಅಂಗಡಿಗೆ ಕಾಲಿಡದೆ ಐದು ವರ್ಷ ಆದವರೊಬ್ಬರ ತೀರ್ಪು. ಒಬ್ಬ ಮಾತ್ರ ಕೆಲಸದ ಪ್ರಶ್ನೆ ಕೇಳುತ್ತಾನೆ: "ಕ್ಲಿಯರೆನ್ಸ್ ಸೇಲ್ ಉಂಟಾ? ಎಷ್ಟು ಪರ್ಸೆಂಟ್?" ಪುಣ್ಯಾತ್ಮ, ಅವನಾದರೂ ಪ್ರಾಮಾಣಿಕ.

ಈ ಅಳು ನನಗೆ ಸಾಕಾಗಿದೆ ಮಾರಾಯ್ರೆ. ಕನ್ನಡದ ಪುಸ್ತಕದಂಗಡಿಗಳು, ಸಣ್ಣ ಪತ್ರಿಕೆಗಳು ಸೊರಗುತ್ತಿರುವುದಕ್ಕೆ ಓದುಗರ ಬರ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಓದುವವರು ದುಡ್ಡು ಕೊಡುವುದಿಲ್ಲ, ದುಡ್ಡು ಕೊಡುವವರು ಓದುವುದಿಲ್ಲ. ರೋಗ ಇರುವುದು ಅಲ್ಲಿ.

ನಮ್ಮ ಕಡೆಯನ್ನೇ ತೆಗೆದುಕೊಳ್ಳಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋಗಿ "ಎಂತ ಮಾರಾಯ" ಅಂತ ಕರೆದರೂ ಈ ಮೂರು ಊರಿನ ನಾಲ್ಕು ಮಂದಿಯಾದರೂ ತಿರುಗಿ ನೋಡುತ್ತಾರೆ. ಅಕ್ಷರಕ್ಕೆ ಬಡತನ ಇದ್ದ ಜಾಗ ಅಲ್ಲ ಇದು. ಕನ್ನಡದ ಮಕ್ಕಳಿಗೆ ಕತೆ, ಪದ್ಯ ಬರೆದುಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ. ರತ್ನಾಕರವರ್ಣಿ ಮೂಡುಬಿದಿರೆಯವನು, ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಅದೇ ಊರಿನಲ್ಲಿ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಸಾಹಿತ್ಯ ಸಮ್ಮೇಳನ ಇರಲೇಬೇಕು. ಮೂಡುಬಿದಿರೆ ಹತ್ತಿರದ ಕಾಂತಾವರ ಅನ್ನುವ ಹಳ್ಳಿಯಲ್ಲಿ ವೈದ್ಯರೂ ಸಾಹಿತಿಯೂ ಆದ ನಾ. ಮೊಗಸಾಲೆಯವರು 1976ರಲ್ಲಿ ಕನ್ನಡ ಸಂಘ ಕಟ್ಟಿದರು. ಅದರ 'ನಾಡಿಗೆ ನಮಸ್ಕಾರ' ಮಾಲೆಯಲ್ಲಿ ಬಂದ ಪುಟ್ಟ ಪುಸ್ತಕಗಳನ್ನು ಜೋಡಿಸಿಟ್ಟರೆ ಒಂದು ಕಪಾಟು ತುಂಬುತ್ತದೆ.

ಆ ಕಪಾಟು ಯಾವ ಅಂಗಡಿಯಲ್ಲಿ ಉಂಟು ಅಂತ ಕೇಳಿ ನೋಡಿ. ಮೊನ್ನೆ ಊರಿಗೆ ಹೋದಾಗ ಅಕ್ಕನ ಮಗಳಿಗೆ ಕನ್ನಡ ಕತೆ ಪುಸ್ತಕ ಬೇಕಿತ್ತು. ಬಿ.ಸಿ.ರೋಡಿನಲ್ಲಿ 'ಬುಕ್ ಸ್ಟಾಲ್' ಬೋರ್ಡ್ ಇದ್ದ ಎರಡು ಅಂಗಡಿ ಹತ್ತಿದೆ. ನೋಟ್‌ಬುಕ್, ಗೈಡ್, ಜೆರಾಕ್ಸ್, ಲ್ಯಾಮಿನೇಶನ್, ಪಾಸ್‌ಪೋರ್ಟ್ ಫೋಟೋ. "ಕತೆ ಪುಸ್ತಕ ಇಲ್ಲ, ಕಲರಿಂಗ್ ಬುಕ್ ಉಂಟು, ಕೊಡ್ಲಾ?" ಅಂದರು. ಅಂಗಡಿಯವರನ್ನು ನಾನು ದೂರುವುದಿಲ್ಲ. ಅವರ ಲೆಕ್ಕ ಸರಿಯಾಗಿಯೇ ಉಂಟು.

ಲೆಕ್ಕ ಹೇಗೆ ಅಂತ ಹೇಳುತ್ತೇನೆ. 200 ರೂಪಾಯಿ ಮುಖಬೆಲೆಯ ಪುಸ್ತಕ. ಪ್ರಕಾಶಕ ಅಂಗಡಿಗೆ 30 ಪರ್ಸೆಂಟ್ ಬಿಟ್ಟುಕೊಟ್ಟ ಅಂತಿಟ್ಟುಕೊಳ್ಳಿ, ಕೈಗೆ 60 ರೂಪಾಯಿ. ಅಂಗಡಿ ಬಾಡಿಗೆ 15,000 ಅಂದುಕೊಂಡರೆ, ಬಾಡಿಗೆ ಕಟ್ಟಲಿಕ್ಕೇ ತಿಂಗಳಿಗೆ 250 ಪುಸ್ತಕ ಹೋಗಬೇಕು. ಕರೆಂಟು, ಒಬ್ಬ ಹುಡುಗನ ಸಂಬಳ, ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುವ ಪ್ರತಿ, ಮನೆ ಖರ್ಚು ಎಲ್ಲ ಆಮೇಲೆ. ಈಗ ನೀವು ಬರುತ್ತೀರಿ. ಅರ್ಧ ಗಂಟೆ ಪುಸ್ತಕ ತಿರುವುತ್ತೀರಿ, ಮೊಬೈಲ್ ತೆಗೆದು ಬೆಲೆ ನೋಡುತ್ತೀರಿ, "ಡಿಸ್ಕೌಂಟ್ ಎಷ್ಟು?" ಅನ್ನುತ್ತೀರಿ. ಅವರು 10 ಪರ್ಸೆಂಟ್ ಬಿಟ್ಟರೆ 60 ಇದ್ದದ್ದು 40 ಆಯಿತು. ಅದೇ ಬಾಡಿಗೆಗೆ ಈಗ 375 ಪುಸ್ತಕ ಮಾರಬೇಕು. ನಿಮಗೆ ಉಳಿದದ್ದು 20 ರೂಪಾಯಿ, ಅವರ ಆದಾಯದಲ್ಲಿ ಹೋದದ್ದು ಮೂರರಲ್ಲೊಂದು ಪಾಲು. ಮಾಲ್‌ನಲ್ಲಿ 350 ರೂಪಾಯಿ ಕಾಫಿ ಕುಡಿದು ಸರ್ವಿಸ್ ಚಾರ್ಜನ್ನೂ ಕೊಟ್ಟು ಬರುವ ನಮ್ಮ ಜನಕ್ಕೆ ಪುಸ್ತಕದಂಗಡಿಯ ಬಾಗಿಲಲ್ಲಿ ಮಾತ್ರ ಬಡತನ ನೆನಪಾಗುತ್ತದೆ.

ಸರ್ಕಾರವೂ ಇದನ್ನೇ ಕಲಿಸಿದೆ. ರಾಜ್ಯೋತ್ಸವ ಬಂತೆಂದರೆ ಸರ್ಕಾರಿ ಪ್ರಕಟಣೆಗಳಿಗೆ ಅರ್ಧ ಬೆಲೆ. ನವೆಂಬರಿನಲ್ಲಿ ಅರ್ಧಕ್ಕೆ ಸಿಗುವುದನ್ನು ಜುಲೈಯಲ್ಲಿ ಪೂರ್ತಿ ಕೊಟ್ಟು ಯಾರು ಕೊಳ್ಳುತ್ತಾರೆ? ನುಡಿಸಿರಿ 2004ರಲ್ಲಿ ಶುರುವಾದ ಮೇಲೆ ಅಲ್ಲಿನ ಪುಸ್ತಕ ಮಳಿಗೆಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ನಿಜ. ಜಾತ್ರೆಯಲ್ಲಿ ಬಳೆ, ಪೀಪಿ ಕೊಂಡ ಹಾಗೆ ಪುಸ್ತಕವನ್ನೂ ಕೊಂಡೆವು. ಜಾತ್ರೆ ಮುಗಿದ ಮೇಲೆ ಮುನ್ನೂರಚಿಲ್ಲರೆ ದಿನ ಬಾಗಿಲು ತೆರೆದು ಕೂರುವವನ ಗತಿ ಏನು ಅಂತ ಯಾವ ಗೋಷ್ಠಿಯಲ್ಲೂ ನಾನು ಕೇಳಿಲ್ಲ.

ಹಾಗೆ ಕೂತವರೊಬ್ಬರು ನಮ್ಮ ಜಿಲ್ಲೆಯಲ್ಲಿ ಇದ್ದರು. ಮಂಗಳೂರಿನ ಅತ್ರಿ ಬುಕ್ ಸೆಂಟರ್, ಜಿ.ಎನ್. ಅಶೋಕವರ್ಧನರು. 1975ರಲ್ಲಿ ತೆರೆದರು, 2012ರ ಮಾರ್ಚ್ 31ಕ್ಕೆ ತಾವೇ ದಿನ ಗೊತ್ತುಮಾಡಿ ಮುಚ್ಚಿದರು. ಬೆಳ್ತಂಗಡಿ, ಮೂಡುಬಿದಿರೆಯವರು ಸಹ ಮಂಗಳೂರಿಗೆ ಕೋರ್ಟಿಗೋ ಆಸ್ಪತ್ರೆಗೋ ಹೋದಾಗ ಹೊಕ್ಕು ಬರುತ್ತಿದ್ದ ಅಂಗಡಿ. ಪುಸ್ತಕ ಮಾರುವುದು ಒಂದು ವೃತ್ತಿ, ಅದಕ್ಕೆ ನಿಯತ್ತು ಬೇಕು, ಲಾಭವೂ ಬೇಕು ಅಂತ ಅವರು ಹಟದಿಂದ ಹೇಳುತ್ತಿದ್ದರು. 'ಪುಸ್ತಕ ಮಾರಾಟ ಹೋರಾಟ' ಅಂತ ಪುಸ್ತಕವನ್ನೇ ಬರೆದರು. ಅವರ ದೊಡ್ಡ ಜಗಳ ಇದ್ದದ್ದು ಸರ್ಕಾರದ ಸಗಟು ಖರೀದಿಯ ಜೊತೆ.

ನಮ್ಮ ಸಾಫ್ಟ್‌ವೇರ್ ಜನಕ್ಕೆ ಆ ಜಗಳ ಬೇಗ ಅರ್ಥವಾಗಬೇಕು. ನಿಮ್ಮ ಆಫೀಸಿನ ಟೈಮ್‌ಶೀಟ್ ಟೂಲ್ ಯಾಕೆ ಅಷ್ಟು ದರಿದ್ರವಾಗಿರುತ್ತದೆ? ಅದನ್ನು ಕೊಳ್ಳುವ ಮ್ಯಾನೇಜರ್ ಅದನ್ನು ತುಂಬಿಸುವುದಿಲ್ಲ, ತುಂಬಿಸುವ ನೀವು ಅದನ್ನು ಕೊಳ್ಳುವುದಿಲ್ಲ. ತಯಾರಿಸಿದವನು ಮೆಚ್ಚಿಸಬೇಕಾದದ್ದು ಮ್ಯಾನೇಜರನ್ನು ಮಾತ್ರ. ಕನ್ನಡ ಪ್ರಕಾಶನದ ಒಂದು ದೊಡ್ಡ ಭಾಗ ಹೀಗೇ ನಡೆದಿದೆ. ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುತ್ತದೆ, ಪುಟಕ್ಕೆ ಇಷ್ಟು ಅಂತ ದರ. ಹಾಗಾದರೆ ಪುಸ್ತಕ ಓದುಗನಿಗೆ ತಲುಪಲೇಬೇಕು ಅಂತ ಏನುಂಟು? ಅಂಗಡಿಗೆ ಯಾಕೆ ಕಳಿಸಬೇಕು? ಪಟ್ಟಿಗೆ ಸೇರಿದರೆ ಆಯಿತು, ಬಿಲ್ ಯಾವಾಗ ಪಾಸಾಗುತ್ತದೆ ಅಂತ ಕಾಯುತ್ತ ಕೂತರೆ ಆಯಿತು. ಗ್ರಂಥಾಲಯಕ್ಕೆ ಪುಸ್ತಕ ಬೇಡ ಅಂತ ನಾನು ಹೇಳುತ್ತಿಲ್ಲ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನಾವು ಆರು ಪರ್ಸೆಂಟ್ ಗ್ರಂಥಾಲಯ ಕರ ಕಟ್ಟುತ್ತೇವೆ, ಅದಕ್ಕೆ ಒಳ್ಳೇ ಪುಸ್ತಕ ಬರಲಿ. ಅದನ್ನು ಊರಿನ ಅಂಗಡಿಯ ಮೂಲಕ, ಊರಿನ ಓದುಗರು ಕೇಳಿದ್ದನ್ನು ತರಿಸಿದರೆ ಯಾರ ಗಂಟು ಹೋಗುತ್ತದೆ?

ಇನ್ನು 'ಗೌರವ ಪ್ರತಿ' ಅನ್ನುವ ಪಿಡುಗು. ಬಿಡುಗಡೆ ಸಮಾರಂಭಕ್ಕೆ ಹೋದರೆ ಶಾಲು, ಹಾರ, ಒಂದು ಪುಸ್ತಕ. ಲೇಖಕ ನೆಂಟ, ಕೊಡದಿದ್ದರೆ ಬೇಜಾರು. ಕ್ಲಾಸ್‌ಮೇಟ್, "ನನಗೊಂದು ಕಾಪಿ ಇಡು ಆಯ್ತಾ." ಅದೇ ಕ್ಲಾಸ್‌ಮೇಟ್ ಹೋಟೆಲ್ ತೆರೆದರೆ ದಿನಾ ಪುಕ್ಕಟೆ ಊಟ ಮಾಡುವ ಧೈರ್ಯ ಉಂಟಾ? ಪಿಡಿಎಫ್ ಕೇಳುವವರ ಬಗ್ಗೆ ನಾನು ಬರೆಯುವುದೇ ಇಲ್ಲ, ಮಂಡೆ ಬಿಸಿಯಾಗುತ್ತದೆ.

ಇದೆಲ್ಲದರ ಮೇಲೆ ವೇದಿಕೆಯಿಂದ ಗಳಗನಾಥರ ಕತೆ. ಪುಸ್ತಕ ಹೊತ್ತು ಊರೂರು ಅಲೆದು ಮಾರಿದರು ಅಂತ ಹೇಳಿ ಭಾಷಣಕಾರರು ಗದ್ಗದಿತರಾಗುತ್ತಾರೆ. ದೊಡ್ಡವರು, ಕೈಮುಗಿಯುತ್ತೇನೆ. ಆದರೆ ನೂರು ವರ್ಷದ ನಂತರವೂ ಪುಸ್ತಕ ಮಾರುವವನು ಹುತಾತ್ಮನೇ ಆಗಬೇಕು ಅನ್ನುವುದು ಎಂತ ನ್ಯಾಯ? ಅಡಿಕೆ ಮಾರುವವನು ತ್ಯಾಗಿ ಆಗಬೇಕು ಅಂತ ನಾವು ಕೇಳುವುದಿಲ್ಲವಲ್ಲ. ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು, ಬೆಲೆ ಕೇಳಿದರು.

ಅಡಿಕೆ ಮಾತು ಬಂತಲ್ಲ, ಅಲ್ಲೇ ಇನ್ನೊಂದು ಉದಾಹರಣೆಯೂ ಉಂಟು. ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ' 1988ರಲ್ಲಿ ಶುರುವಾಯಿತು, ಶ್ರೀ ಪಡ್ರೆಯವರು ಮುಂದೆ ನಿಂತು ನಡೆಸಿದ ಮಾಸಪತ್ರಿಕೆ. ಬಂಟ್ವಾಳ, ಬೆಳ್ತಂಗಡಿಯ ಎಷ್ಟೋ ತೋಟದ ಮನೆಗಳ ಹಾಗೆ ನಮ್ಮ ಮನೆಗೂ ಪೋಸ್ಟಿನಲ್ಲಿ ಬರುತ್ತಿತ್ತು. ಅಪ್ಪ ಹಳೇ ಸಂಚಿಕೆಗಳಿಗೆ ದಬ್ಬಣದಲ್ಲಿ ತೂತು ಮಾಡಿ ಹುರಿ ಪೋಣಿಸಿ ವರ್ಷವಾರು ಕಟ್ಟಿಡುತ್ತಿದ್ದರು, ಮುಟ್ಟಿದರೆ ಬೈಗುಳ. ಅದರಲ್ಲಿ ಬರೆಯುತ್ತಿದ್ದವರು ಬಹಳ ಮಂದಿ ಕೃಷಿಕರೇ. 'ಕೃಷಿಕರ ಕೈಗೆ ಲೇಖನಿ' ಅಂತ ಶಿಬಿರ ಮಾಡಿ ಬರೆಯಲು ಕಲಿಸಿದರು. ಇಂಗುಗುಂಡಿ, ಹಲಸಿನ ಮೌಲ್ಯವರ್ಧನೆ, ಕೊಯ್ಲಿನ ದೋಟಿ, ಯಾರೋ ಒಬ್ಬರು ತೋಟದಲ್ಲಿ ಮಾಡಿ ನೋಡಿದ ಸಂಗತಿ. ಪತ್ರಿಕೋದ್ಯಮದ ಪಂಡಿತರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಡಿಗರ 'ಸಾಕ್ಷಿ' ನಿಂತಿತು, ಅನಂತಮೂರ್ತಿಯವರ 'ರುಜುವಾತು' ನಿಂತಿತು, ವಿವೇಕ ಶಾನಭಾಗರ 'ದೇಶ ಕಾಲ' 2005ರಿಂದ 2012ರವರೆಗೆ ಬಂದು ನಿಂತಿತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರ ದುಡ್ಡು ಕೂಡಿಸಿ ಮಂಗಳೂರಿನಲ್ಲಿ ತಂದ 'ಮುಂಗಾರು' ದಿನಪತ್ರಿಕೆಯೂ ನಿಂತಿತು. ಅಡಿಕೆ ಪತ್ರಿಕೆ ಮಾತ್ರ ಮೂರು ದಶಕ ದಾಟಿ ನಡೆದಿದೆ. ಅಪ್ಪ ಅದಕ್ಕೆ ಚಂದಾ ಕಟ್ಟಿದ್ದು 'ಕನ್ನಡ ಉಳಿಸಲಿಕ್ಕೆ' ಅಲ್ಲ. ಅವರಿಗೆ ಅದು ಬೇಕಿತ್ತು. ಗೊಬ್ಬರದ ಖರ್ಚಿನ ಸಾಲಿನಲ್ಲೇ ಡೈರಿಯಲ್ಲಿ ಚಂದಾ ಬರೆದಿಡುತ್ತಿದ್ದರು.

ಸಾಹಿತ್ಯ ನಮಗೆ ಹಾಗೆ 'ಬೇಕಾ' ಅಂತ ಕೇಳಬೇಡಿ. 2025ರ ಮೇಯಲ್ಲಿ ಬಾನು ಮುಷ್ತಾಕರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ಮ ಆಫೀಸಿನ ಚಾನೆಲ್ ತುಂಬ ಹಳದಿ-ಕೆಂಪು ಹೃದಯ. ಅವರು ಪಳಗಿದ್ದು ಲಂಕೇಶ್ ಪತ್ರಿಕೆಯಲ್ಲಿ. ಜಾಹೀರಾತು ಇಲ್ಲದೆ, ಓದುಗ ಕೊಟ್ಟ ಚಿಲ್ಲರೆ ಕಾಸಿನಲ್ಲೇ ನಡೆದ ಪತ್ರಿಕೆ ಅದು. ಬೂಕರ್ ಬಂದ ಮೇಲೆ ಇಂಗ್ಲಿಷ್ ಅನುವಾದ ತರಿಸಿಕೊಂಡು ಕಾಫಿ ಮಗ್ಗಿನ ಪಕ್ಕ ಇಟ್ಟು ಫೋಟೋ ಹಾಕಿದವರಿಗೆ ನಾನು ಕೇಳಿದ್ದು ಒಂದೇ, ಮೂಲ ಕನ್ನಡದಲ್ಲಿ ಓದಿದಿರಾ? "ಎಲ್ಲಿ ಸಿಗುತ್ತೆ?" ಅಂದರು. ರಾಜಾಜಿನಗರದ ಆಕೃತಿಯಲ್ಲಿ ಕೇಳಬಹುದಿತ್ತು, ನವಕರ್ನಾಟಕದಲ್ಲಿ ಕೇಳಬಹುದಿತ್ತು. ಬೆಂಗಳೂರಿನಲ್ಲಿ ಇರುವವರು "ಎಲ್ಲಿ ಸಿಗುತ್ತೆ" ಅಂತ ಕೇಳುವುದು ನೆಪ.

ಬೆಳ್ತಂಗಡಿಯ ಒಳಗಿನ ಹಳ್ಳಿಯವರು ಕೇಳಿದರೆ ಅದು ನೆಪ ಅಲ್ಲ. ಅವರಿಗೆ ಅಂಚೆಯೇ ಪುಸ್ತಕದಂಗಡಿ. ನೋಂದಾಯಿತ ಪತ್ರಿಕೆಗೆ 50 ಗ್ರಾಂವರೆಗೆ 25 ಪೈಸೆ ಅನ್ನುವ ಅಂಚೆ ದರ ಇರುವುದರಿಂದಲೇ ಸಣ್ಣ ಪತ್ರಿಕೆಗಳು ಉಸಿರಾಡುತ್ತಿವೆ. ಪುಸ್ತಕಕ್ಕೆ ಇದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ದಿಢೀರ್ ನಿಲ್ಲಿಸಿತು. ಬೊಬ್ಬೆ ಎದ್ದ ಮೇಲೆ 2025ರ ಮೇ ಒಂದರಿಂದ 'ಜ್ಞಾನ ಪೋಸ್ಟ್' ಬಂತು, 300 ಗ್ರಾಂಗೆ 20 ರೂಪಾಯಿಯಿಂದ ಶುರು, ತೆರಿಗೆ ಬೇರೆ. ಆ ನಡುವಿನ ತಿಂಗಳುಗಳಲ್ಲಿ 100 ರೂಪಾಯಿ ಪುಸ್ತಕ ಕಳಿಸಲಿಕ್ಕೆ ಸಣ್ಣ ಪ್ರಕಾಶಕರು ಎಷ್ಟು ಒದ್ದಾಡಿರಬೇಕು! ಕನ್ನಡ ಹೋರಾಟದವರು ಬೋರ್ಡಿಗೆ ಮಸಿ ಬಳಿಯುವ ಅವಸರದಲ್ಲಿ ಇದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

"ಮಾರುಕಟ್ಟೆ ಮಾರಾಯ, ಅಮೆಜಾನ್ ಅಗ್ಗಕ್ಕೆ ಕೊಡುತ್ತೆ, ನಾನ್ಯಾಕೆ ಜಾಸ್ತಿ ಕೊಡ್ಲಿ" ಅನ್ನುವವರಿಗೆ ಎರಡು ಸಂಗತಿ. ಅಮೆಜಾನ್ ತಾನೇ ಕೊಂಡಿದ್ದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು 2022ರ ಫೆಬ್ರವರಿಯಲ್ಲಿ ಮುಚ್ಚುತ್ತೇನೆ ಅಂದಿತು. ಅದರ ಲೇಖಕರು ತಮ್ಮ ಪುಸ್ತಕಗಳ ಗತಿ ಏನು ಅಂತ ಕಂಗಾಲಾದರು. ಫ್ರಾನ್ಸಿನಲ್ಲಿ 1981ರಿಂದ ಕಾನೂನೇ ಉಂಟು: ಹೊಸ ಪುಸ್ತಕಕ್ಕೆ ಐದು ಪರ್ಸೆಂಟಿಗಿಂತ ಹೆಚ್ಚು ರಿಯಾಯಿತಿ ಕೊಡುವ ಹಾಗಿಲ್ಲ, ಯಾರೇ ಆಗಲಿ. 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆಯ ಆನ್‌ಲೈನ್ ಪುಸ್ತಕದ ಆರ್ಡರಿಗೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ವಸೂಲಿ ಮಾಡಲೇಬೇಕು. ಅಲ್ಲಿನವರಿಗೂ ಅಗ್ಗ ಅಂದರೆ ಇಷ್ಟವೇ. ಆದರೂ ಅಂಗಡಿ ಬೇಕು ಅಂತ ತೀರ್ಮಾನ ಮಾಡಿ ಅದರ ಬೆಲೆ ಕೊಟ್ಟರು.

ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ನಾನು ಇದನ್ನೆಲ್ಲ ಹೇಳುತ್ತಿಲ್ಲ. ಅವನಿಗೆ ಗ್ರಂಥಾಲಯ ಇರಬೇಕು. ನಾನು ಹೇಳುತ್ತಿರುವುದು ತಿಂಗಳ ಕೊನೆಗೆ ಸಂಬಳದ ಮೆಸೇಜ್ ಬರುವ, ನೆಟ್‌ಫ್ಲಿಕ್ಸಿಗೂ ಜಿಮ್ಮಿಗೂ ಆಟೋ-ಡೆಬಿಟ್ ಕೊಟ್ಟು ಮರೆತಿರುವ ಜನರಿಗೆ.

ಈ ಮಾತನ್ನೆಲ್ಲ ಕೇಳಿ ಮೂಡುಬಿದಿರೆಯ ಗೆಳೆಯನೊಬ್ಬನಿಗೆ ಉಮೇದು ಬಂತು. "ನಾವೇ ಊರಲ್ಲಿ ಒಂದು ಅಂಗಡಿ ಹಾಕುವ. ಕ್ರೌಡ್‌ಫಂಡ್ ಮಾಡುವ. ಒಳಗೆ ಕೆಫೆ ಇಡುವ" ಅಂದ. "ಕಳೆದ ವರ್ಷ ನೀನು ಎಷ್ಟು ಕನ್ನಡ ಪುಸ್ತಕ ತಗೊಂಡೆ?" ಅಂತ ಕೇಳಿದೆ. ಲೆಕ್ಕ ಹಾಕಿದ. ಎರಡು, ಒಂದು ಗೃಹಪ್ರವೇಶಕ್ಕೆ ಉಡುಗೊರೆ ಕೊಡಲಿಕ್ಕೆ. "ಮೊದಲು ಅದನ್ನು ಹನ್ನೆರಡು ಮಾಡು, ಒಂದು ಪತ್ರಿಕೆಗೆ ಚಂದಾ ಕಟ್ಟು, ಅಂಗಡಿ ಆಮೇಲೆ ನೋಡುವ" ಅಂದೆ. ಅವನಿಗೆ ಬೇಜಾರಾಯಿತು. ಮರುದಿನವೇ ಒಂದು ಸ್ಪ್ರೆಡ್‌ಶೀಟ್ ಕಳಿಸಿದ. ಇಂಟೀರಿಯರ್‌ಗೆ ನಾಲ್ಕು ಲಕ್ಷ, ಕಾಫಿ ಮೆಷಿನ್‌ಗೆ ಎರಡು ಲಕ್ಷ, ಪುಸ್ತಕಕ್ಕೆ ಐವತ್ತು ಸಾವಿರ ಅಂತ ಬರೆದಿದ್ದಾನೆ.