ತಲೆಯಲ್ಲಿ ನೀರು: ಹಣೆಬರಹವಲ್ಲ
ನಮ್ಮ ಚಿಕ್ಕೇರೂರಿನ ಕಡೆ ಕೂಸಿನ ತಲೆ ದೊಡ್ಡದಾಗುತ್ತಿದ್ದರೆ ಕೆಲವರಿಗೆ ಈಗಲೂ ಮೊದಲು ನೆನಪಾಗುವುದು ಗ್ರಹಣ, ಕೆಟ್ಟದೃಷ್ಟಿ, ಹಣೆಬರಹ. ಡಾಕ್ಟರ ನೆನಪು ಕೊನೆಗೆ. ಈ ಸರದಿ ಬದಲಾಗಬೇಕು.

ಮಿದುಳಿನೊಳಗಿನ ನಾಲ್ಕು ಕುಹರಗಳಲ್ಲಿ ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಪುಟ್ಟ ಗೊಂಚಲುಗಳಿವೆ. ಮಿದುಳನ್ನು ತೇಲಿಸಿ ಪೆಟ್ಟಿನಿಂದ ಕಾಯುವ, ಕಸ ಸಾಗಿಸುವ ತಿಳಿದ್ರವದ ಬಹುಪಾಲು ತಯಾರಾಗುವುದು ಇಲ್ಲೇ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ಹುಟ್ಟುತ್ತದೆ; ಆದರೆ ಒಂದು ಹೊತ್ತಿಗೆ ಒಳಗಿರುವುದು ಸುಮಾರು 150 ಮಿ.ಲೀ. ಮಾತ್ರ. ಉಳಿದದ್ದು ರಕ್ತಕ್ಕೆ ಮರಳುತ್ತಿರುತ್ತದೆ. ಹಾದಿ ಕಟ್ಟಿದರೆ, ಕೋಡಿ ಮುಚ್ಚಿದ ಕೆರೆಯಂತೆ ದ್ರವ ಏರುತ್ತದೆ. ಕೂಸಿನ ತಲೆಬುರುಡೆ ಇನ್ನೂ ಬೆಸೆದಿರುವುದಿಲ್ಲ, ತಲೆ ಹಿಗ್ಗುತ್ತದೆ. ಇದೇ ಹೈಡ್ರೋಸೆಫಾಲಸ್.

ಇದಕ್ಕೆ ಚಿಕಿತ್ಸೆಯಿದೆ. ಶಂಟ್ ಎಂಬ ಸಣ್ಣ ನಳಿಕೆ ಚರ್ಮದಡಿ ಹಾಯ್ದು ಹೆಚ್ಚಿನ ದ್ರವವನ್ನು ಹೊಟ್ಟೆಗೆ ಇಳಿಸುತ್ತದೆ. ನಮ್ಮ ದೇಶದ ಅಗ್ಗದ ಛಾಬ್ರಾ ಶಂಟ್ ಉಗಾಂಡಾದ ಮಕ್ಕಳಲ್ಲಿ ದುಬಾರಿ ಶಂಟ್‌ಗೆ ಸರಿಸಮನಾಗಿ ಕೆಲಸ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್) ನರಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಆದರೆ ತಡವಾದರೆ ಹೋದ ಕಣ್ಣು, ಕುಂದಿದ ಬುದ್ಧಿ ಮರಳುವುದು ಕಷ್ಟ.

ಬೇಕಾದ್ದು ಒಂದು ಟೇಪು. ತಲೆಯ ಸುತ್ತಳತೆ ಬೇಗಬೇಗ ಏರಿದರೆ, ನೆತ್ತಿ ಉಬ್ಬಿದರೆ, ಕಣ್ಣುಗುಡ್ಡೆ ಕೆಳಕ್ಕೆ ವಾಲಿದರೆ ಅಂದೇ ಆಶಾ ಕಾರ್ಯಕರ್ತೆಗೆ ಹೇಳಬೇಕು, ಆಸ್ಪತ್ರೆಗೆ ಹೊರಡಬೇಕು.

ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆಂದು ವಿಜ್ಞಾನ ಬಾಯಿಪಾಠ ಮಾಡುವವರು ನಾವು. ಅದರಲ್ಲಿ ನಾಲ್ಕು ಮಾತು ಮನೆಯ ಕಟ್ಟೆಯ ಮೇಲೆ ಅಜ್ಜಿಗೆ, ಅಕ್ಕನಿಗೆ ಹೇಳದಿದ್ದರೆ ಓದಿ ಏನು ಬಂತು?